ಟೋಪಿಯ ಜೀರ್ಣೋದ್ಧಾರ

1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯವರು ಕೋಲಾರದ ನೆಲವನ್ನು ಅಗೆಯಲಾರಂಭಿಸಿದಂದಿನಿಂದ ಇಲ್ಲಿಯ ಚಿನ್ನವು ಹಡಗನ್ನೇರಿ ಸೀಮೆಗೆ ಹೋಯಿತೆಂಬುದು ಸರ್ವವಿದಿತ. ಆದರೆ ಸೀಮೆಯಿಂದ ಇತ್ತ ಬಂದ ದೊರೆಗಳ ಟೋಪಿಗಳು ಯಾವ ಗತಿಯನ್ನು ಪಡೆದವೆಂದು ವಿಚಾರಿಸಿದ ಇತಿಹಾಸಕಾರನನ್ನು ನಾನು ಕಾಣೆ.

ಅದೇ ಚಿನ್ನದ ಗಣಿಪ್ರದೇಶದ ರಾಬರ್ಟ್‌ಸನ್‌ಪೇಟೆಯ ನಮ್ಮ ಮಿತ್ರರೊಬ್ಬರು ಅಂಥ ಅನಾಥ ಶಿರಸ್ತ್ರಾಣಗಳ ಉದ್ಧಾರಕ್ಕಾಗಿಯೇ ಅವತರಿಸಿದವರು. ಮೊಲದ ರೋಮದ ಫೆಲ್ಟ್ ಹ್ಯಾಟಾದರೆ, ಮೃದುವಾದ ಬ್ರಷ್ಷಿನಿಂದ ಧೂಳನ್ನು ನಿವಾರಿಸಿ, ಇಡ್ಲಿಪಾತ್ರೆಯ ಆವಿಗೆ ಹಿಡಿದು, ಮೆತ್ತಗಾದೊಡನೆ ಮರದ ಅಚ್ಚಿಗೆ ತೊಡಿಸಿ, ಅದರ ಪೂರ್ವಾಕಾರವನ್ನು ಮರಳಿ ದಯಪಾಲಿಸುವರು. ಆ ಬೆಳಗ್ಗೆ ಮನೆಯಲ್ಲಿ ಇಡ್ಲಿಯಿಲ್ಲವೆಂಬುದನ್ನು ಅವರ ಶ್ರೀಮತಿಯವರ ಮುಖಮುದ್ರೆಯೇ ಸಾರುವುದು. ಸೋಲಾ ಟೋಪಿಯ ಕುಲವೇ ಬೇರೆ: ಜೌಗಿನಲ್ಲಿ ಬೆಳೆಯುವ ಗಿಡದ ಬೆಂಡಿನಿಂದಾದುದರಿಂದ ಅದು ನೀರು ಕುಡಿದರೆ ಕೆಟ್ಟಿತು, ಆದಕಾರಣ ಆವಿಸ್ನಾನ ನಿಷಿದ್ಧ, ಹೊದಿಕೆಯ ಬಟ್ಟೆಯನ್ನೊರಸಿ ಒಳಗಿನ ಚರ್ಮದ ಪಟ್ಟಿಯನ್ನು ಬದಲಿಸಿದರೆ ಸಾಕು. ಹೀಗೆ ಪುನರ್ಜನ್ಮ ಪಡೆದುದನ್ನು ಧರಿಸಿ ಅವರು ಸಂತೆಗೆ ಹೊರಟರೆ, ಮುದುಕರು ಹಳೆಯ ಅಭ್ಯಾಸಬಲದಿಂದ ಬೀಡಿಯನ್ನು ಬೆನ್ನಹಿಂದೆ ಮರೆಮಾಚುವರು.

ನನ್ನ ಮತವನ್ನು ಕೇಳುವುದಾದರೆ, ಕ್ಲೋಸ್ ಕಾಲರ್ ಕೋಟು, ಕಚ್ಚೆಪಂಚೆ, ಜರಿಪೇಟಗಳ ಮೈಸೂರು ಗಾಂಭೀರ್ಯದೆದುರು ಯಾವ ಹ್ಯಾಟೂ ತಲೆಯೆತ್ತಲಾರದು. ಇದನ್ನು ಮಿತ್ರರ ಮುಂದೆಯೇ ಆಡಿದೆನಾಗಿ, ಅಂದಿನ ಕಾಫಿಗೆ ಸಕ್ಕರೆ ಬೀಳಲಿಲ್ಲ.