ಕಾಲೇಜು ಸಂಶೋಧನೆ: ಜೋಡಿಸುವ ಮತ್ತು ಬಳಸುವ ಕ್ರಮ (ಕೋಲಾರ ಜಿಲ್ಲಾ ಮಾದರಿ)

ಈ ಕೈಪಿಡಿಯನ್ನು ಪೂರ್ತಿ ಓದದೆ ಪ್ರಬಂಧ ಬರೆಯಲು ಕೂರಬೇಡಿ. ಓದಿದ ಮೇಲೂ ಕೂರದಿದ್ದರೆ ಒಳ್ಳೆಯದೇ. ಆದರೆ ಅಷ್ಟರಲ್ಲಿ ಬಡ್ತಿ ಅರ್ಜಿಯ ಕಡೇ ದಿನಾಂಕ ಹತ್ತಿರ ಬಂದಿರುತ್ತದೆ, ನ್ಯಾಕ್ ತಂಡ ಬರುತ್ತದೆಂದು ಕಾಲೇಜಿಗೆ ಸುಣ್ಣ ಬಳಿಯುತ್ತಿರುತ್ತಾರೆ. ಹಾಗಾಗಿ ಕೂರಿ.

ಪೆಟ್ಟಿಗೆಯಲ್ಲಿ ಏನೇನಿದೆ

ಶೀರ್ಷಿಕೆ ಒಂದು. ಒಪ್ಪಿಗೆ ಪತ್ರದ ಕಟ್ಟು ಒಂದು. ಐದು ಚೌಕಗಳ ಪ್ರಶ್ನಾವಳಿ. ಬಣ್ಣದ ಪೈ ಚಾರ್ಟು, ಬೇಕಾದಷ್ಟು. ಗೈಡ್ ಒಬ್ಬರು (ಫೋನ್ ಎತ್ತದಿದ್ದರೆ ತಯಾರಕರು ಹೊಣೆಯಲ್ಲ). ಸಂಶೋಧಿಸಬೇಕಾದ ಪ್ರಶ್ನೆ ಮಾತ್ರ ಪೆಟ್ಟಿಗೆಯಲ್ಲಿ ಇರುವುದಿಲ್ಲ. ಗಾಬರಿ ಬೇಡ, ಅದಿಲ್ಲದೆಯೂ ಯಂತ್ರ ಓಡುತ್ತದೆ.

ಸ್ಯಾಂಪಲ್ ಹಿಡಿಯುವುದು

ಸ್ಯಾಂಪಲ್ ಎಷ್ಟಿರಬೇಕೆಂದು ಸೂತ್ರ ಹೇಳುತ್ತದೆ, ಎಲ್ಲಿರಬೇಕೆಂದು ಬಸ್ಸು ಹೇಳುತ್ತದೆ. ರಾಷ್ಟ್ರೀಯ ಹೆದ್ದಾರಿ 75ರ ಮೇಲಿರುವ ನಂಗಲಿಗೆ ಬೆಳಿಗ್ಗೆ ಹೋಗಿ, ಮುಳಬಾಗಿಲಿನಲ್ಲಿ ದೋಸೆ ತಿಂದು, ಮಧ್ಯಾಹ್ನಕ್ಕೆ ವಾಪಸಾಗಬಹುದು. ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಹೋಬಳಿಗೆ ಹೊರಟರೆ ಸಂಜೆಯ ಬಸ್ಸಿನ ಚಿಂತೆ. ಆದ್ದರಿಂದ ಜಿಲ್ಲೆಯ ಕಾಯಿಲೆಗಳೆಲ್ಲ ಹೆದ್ದಾರಿಯ ಪಕ್ಕದಲ್ಲೇ ಇವೆಯೆಂದು ಇಟ್ಟುಕೊಳ್ಳಿ. ಪ್ರಶ್ನಾವಳಿಯನ್ನು ಇಂಗ್ಲಿಷಿನಲ್ಲಿ ಬರೆದು, ಎಥಿಕ್ಸ್ ಸಮಿತಿಗಾಗಿ ಕನ್ನಡ ಮಾಡಿಸಿ, ಊರೊಳಗೆ ತೆಲುಗಿನಲ್ಲಿ ಕೇಳಿ, ಉತ್ತರವನ್ನು ಮತ್ತೆ ಇಂಗ್ಲಿಷಿನಲ್ಲಿ ತುಂಬತಕ್ಕದ್ದು.

ಆರೋಗ್ಯದ ಬಿಡಿಭಾಗ

ಇಲ್ಲಿ ಸಾಮಗ್ರಿಗೆ ಬರವಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸರಿ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಸಾವಿರ ಅಡಿ ದಾಟಿದ ನಮ್ಮ ಕೊಳವೆಬಾವಿಗಳಲ್ಲಿ ಎಷ್ಟೋ ಈ ಗೆರೆಯನ್ನು ಮೀರಿದವು. ಮೊದಲು ಮಕ್ಕಳ ಹಲ್ಲಿನ ಮೇಲೆ ಸುಣ್ಣದ ಮಚ್ಚೆ, ಆಮೇಲೆ ಕಂದು ಗೆರೆ, ವರ್ಷಗಟ್ಟಲೆ ಅದೇ ನೀರು ಕುಡಿದವರಿಗೆ ಬೆನ್ನು, ಮಂಡಿ ಬಿಗಿಯುವುದು. ಹಲ್ಲಿನ ಮಚ್ಚೆಗೆ ದರ್ಜೆ ಕೊಡಲು ಅಮೆರಿಕದ ಡೀನ್ ಎಂಬ ದಂತವೈದ್ಯ 1930ರ ದಶಕದಲ್ಲೇ ಅಳತೆಗೋಲು ಮಾಡಿಟ್ಟಿದ್ದಾನೆ. ನೀವು ಟಾರ್ಚು ಹಿಡಿದು ಸರ್ಕಾರಿ ಶಾಲೆಗೆ ಹೋದರೆ ಸಾಕು. ಮಕ್ಕಳು ಹೇಳುವ ಮೊದಲೇ ಸಾಲಾಗಿ ನಿಂತು ಬಾಯಿ ತೆರೆಯುತ್ತಾರೆ. ರೂಢಿಯಾಗಿದೆ.

ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಹೆಂಗಸರ ಬಾಯಿಯನ್ನೂ ಹೀಗೇ ನೋಡಬಹುದು. ಈ ಜಿಲ್ಲೆಯ ಹಳ್ಳಿ ಹೆಂಗಸರಲ್ಲಿ ಬಾಯಿ ಕ್ಯಾನ್ಸರ್ ಹೆಚ್ಚು ಎಂದು ಕೋಲಾರದ ಟಮಕದಲ್ಲಿರುವ ವೈದ್ಯಕೀಯ ಕಾಲೇಜಿನ ವೈದ್ಯರು ಬಹಳ ಕಾಲದಿಂದ ಬರೆಯುತ್ತ ಬಂದಿದ್ದಾರೆ. ಅದು ತಮಾಷೆಯ ಕೆಲಸವಲ್ಲ, ಅದನ್ನು ಈ ಕೈಪಿಡಿ ಮುಟ್ಟುವುದಿಲ್ಲ. ಕೈಪಿಡಿ ಇರುವುದು ಹೊಗೆಸೊಪ್ಪಿನ ಬಗ್ಗೆ ‘ಜ್ಞಾನ, ಮನೋಭಾವ, ಆಚರಣೆ’ಯ ಅಧ್ಯಯನ ಮಾಡಿ, ‘ಅರಿವು ಮೂಡಿಸಬೇಕು’ ಎಂದು ಕೊನೆಯ ಪುಟದಲ್ಲಿ ಬರೆದು, ಅರಿವು ಮೂಡಿಸದೆಯೇ ಬಸ್ಸು ಹತ್ತುವವರಿಗೆ.

ತಂತ್ರಜ್ಞಾನದ ಬಿಡಿಭಾಗ

ಎಐ ಇಲ್ಲದ ಪ್ರಾಜೆಕ್ಟನ್ನು ಈಗ ಯಾರೂ ಒಪ್ಪುವುದಿಲ್ಲ. ಟೊಮೆಟೊ ಎಲೆಯ ಫೋಟೊ ನೋಡಿ ರೋಗ ಹೇಳುವ ಆ್ಯಪ್ ಮಾಡಿ. ಇದಕ್ಕೆ ತೋಟಕ್ಕೆ ಹೋಗಿ ಕಾಲು ಕೆಸರು ಮಾಡಿಕೊಳ್ಳುವ ಅಗತ್ಯವಿಲ್ಲ. ‘ಪ್ಲಾಂಟ್‌ವಿಲೇಜ್’ ಎಂಬ ಹೆಸರಿನಲ್ಲಿ 54,000ಕ್ಕೂ ಹೆಚ್ಚು ಎಲೆಗಳ ಚಿತ್ರಗಳು ಬಿಟ್ಟಿಯಾಗಿ ಸಿಗುತ್ತವೆ. ಅವು ಅಮೆರಿಕದ ಸಂಶೋಧನಾ ಕೇಂದ್ರಗಳಲ್ಲಿ ಒಂದೊಂದೇ ಎಲೆ ಕಿತ್ತು, ಬೋಳು ಹಿನ್ನೆಲೆಯ ಮೇಲಿಟ್ಟು ತೆಗೆದ ಚಿತ್ರಗಳು. 2016ರಲ್ಲಿ ಅದೇ ರಾಶಿಯ ಮೇಲೆ ಕಂಪ್ಯೂಟರಿಗೆ ಪಾಠ ಹೇಳಿ, ಅದೇ ರಾಶಿಯಿಂದ ಎತ್ತಿಟ್ಟ ಎಲೆಗಳ ಮೇಲೆ ಪರೀಕ್ಷೆ ಮಾಡಿದಾಗ 99.35% ಅಂಕ ಬಂತು. ಬೇರೆ ಕಡೆ, ಬೇರೆ ಬೆಳಕಿನಲ್ಲಿ ತೆಗೆದ ಚಿತ್ರ ಕೊಟ್ಟಾಗ 31% ಚಿಲ್ಲರೆಗೆ ಇಳಿಯಿತು. ಎರಡನ್ನೂ ಆ ಸಂಶೋಧಕರೇ ಪ್ರಾಮಾಣಿಕವಾಗಿ ಬರೆದಿದ್ದಾರೆ. ನೀವು ಮೊದಲನೆಯದನ್ನು ಮಾತ್ರ ಎತ್ತಿಕೊಳ್ಳತಕ್ಕದ್ದು.

ಮಾಲೂರಿನ ತೋಟದಲ್ಲಿ ಎಲೆ ಒಂಟಿಯಾಗಿರುವುದಿಲ್ಲ. ಮೇಲೆ ಧೂಳು, ನಿನ್ನೆ ಹೊಡೆದ ಔಷಧಿಯ ಬಿಳಿ ಕಲೆ, ಪಕ್ಕದಲ್ಲಿ ಮಲ್ಚಿಂಗ್ ಶೀಟಿನ ಹೊಳಪು. ಒಂದೇ ಗಿಡದಲ್ಲಿ ಎಲೆ ಮುದುಡು ರೋಗವೂ ಅಂಗಮಾರಿಯೂ ಒಟ್ಟಿಗೆ ಸಂಸಾರ ಮಾಡುತ್ತಿರುತ್ತವೆ. ಆ್ಯಪ್ ಇದನ್ನೆಲ್ಲ ನೋಡಿ ‘ಆರೋಗ್ಯವಂತ ಎಲೆ’ ಎಂದರೆ ಫೋನನ್ನು ಜೇಬಿಗೆ ಹಾಕಿಕೊಳ್ಳಿ. ರೈತ ಅಷ್ಟರಲ್ಲಿ ಔಷಧಿ ಅಂಗಡಿಯವನಿಗೆ ಎಲೆ ತೋರಿಸಿ ಡಬ್ಬ ತಂದಿರುತ್ತಾನೆ.

ವ್ಯವಹಾರದ ಬಿಡಿಭಾಗ

ಚೌಕಗಳು ಐದು: ಬಲವಾಗಿ ಒಪ್ಪುತ್ತೇನೆ ಎಂಬುದರಿಂದ ಬಲವಾಗಿ ಒಪ್ಪುವುದಿಲ್ಲ ಎಂಬುದರವರೆಗೆ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ಮುಗಿಯುವುದನ್ನು ಕಾದು, ‘ಡಿಜಿಟಲ್ ಪಾವತಿಯಿಂದ ನಿಮಗೆ ತೃಪ್ತಿಯಿದೆಯೇ?’ ಎಂದು ಕೇಳಿ. 2023ರ ಜುಲೈನಲ್ಲಿ ಇಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತು. ಆಗ ಕೇಳಿದವರಿಗೆ ರೈತರೆಲ್ಲ ತೃಪ್ತರು. ಬೆಲೆ ಬಿದ್ದು ಹಣ್ಣನ್ನು ರಸ್ತೆಗೆ ಸುರಿಯುವ ವಾರ ಹೋಗಬೇಡಿ. ಆ ವಾರದ ಉತ್ತರ ಯಾವ ಚೌಕದಲ್ಲೂ ಹಿಡಿಸುವುದಿಲ್ಲ, ಅಚ್ಚು ಹಾಕಲೂ ಬರುವುದಿಲ್ಲ.

ಕಾರ್ಖಾನೆಗಳ ‘ನೌಕರರ ತೃಪ್ತಿ’ ಕೂಡ ಎಂಬಿಎ ವಿದ್ಯಾರ್ಥಿಗಳಿಗೆ ಬಲು ಪ್ರಿಯ. ಹಾಳೆಗಳನ್ನು ಎಚ್ಆರ್ ವಿಭಾಗದ ಕೈಯಲ್ಲಿ ಕೊಟ್ಟು ಅವರ ಕೈಯಿಂದಲೇ ವಾಪಸ್ ಪಡೆಯತಕ್ಕದ್ದು. 2020ರ ಡಿಸೆಂಬರ್ 12ರ ಬೆಳಿಗ್ಗೆ ನರಸಾಪುರದ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಸಂಬಳದ ವಿಷಯಕ್ಕೆ ಗಾಜು ಪುಡಿಯಾದಾಗ ನೌಕರರ ತೃಪ್ತಿಯ ಮಟ್ಟ ಪ್ರಶ್ನಾವಳಿಯಿಲ್ಲದೆಯೇ ಲೋಕಕ್ಕೆಲ್ಲ ತಿಳಿಯಿತು. ಅಂಥ ಪದ್ಧತಿಗೆ ಎಥಿಕ್ಸ್ ಸಮಿತಿಯ ಅನುಮತಿ ಸಿಗುವುದಿಲ್ಲ.

ಸಾಫ್ಟ್‌ವೇರ್ ತಪಾಸಣೆ

ಯುಜಿಸಿಯ 2018ರ ನಿಯಮದಂತೆ 10%ವರೆಗೆ ಬೇರೆಯವರ ಬರಹಕ್ಕೆ ಹೋಲಿದರೆ ದಂಡವಿಲ್ಲ. ‘ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ’ ಎಂಬ ಮೊದಲ ವಾಕ್ಯವನ್ನೇ ಸಾಫ್ಟ್‌ವೇರ್ ಕಳ್ಳಮಾಲೆಂದು ಹಿಡಿಯುತ್ತದೆ. ವಾಕ್ಯವನ್ನು ತಿರುಗಿಸಿ ಬರೆಯಿರಿ. ಬೇಕಾದರೆ 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂದದ್ದನ್ನು ಸೇರಿಸಿ. ಆದರೆ ಬೆಂಗಳೂರಿನ ಆ ಕೊಳಚೆ ನೀರನ್ನು ಎರಡನೇ ಹಂತಕ್ಕೇ ನಿಲ್ಲಿಸದೆ ಮೂರನೇ ಹಂತದವರೆಗೂ ಶುದ್ಧ ಮಾಡಿ ಎಂದು ಜಿಲ್ಲೆಯವರು ಕೂಗುತ್ತಿರುವುದು ‘ಮುಂದಿನ ಅಧ್ಯಯನಕ್ಕೆ ಅವಕಾಶ’ ಎಂಬ ತಲೆಬರಹದ ಅಡಿಯಲ್ಲಿ ಹೋಗತಕ್ಕದ್ದು. ಜಿಲ್ಲೆಯ ದೊಡ್ಡ ಪ್ರಶ್ನೆಗಳೆಲ್ಲ ವಾಸ ಮಾಡುವುದು ಅಲ್ಲೇ.

ಪ್ರಕಟಣೆ

ಜರ್ನಲ್ಲಿನ ಹೆಸರಿನಲ್ಲಿ ‘ಇಂಟರ್‌ನ್ಯಾಷನಲ್’ ಇರಲಿ. ಕೊಟ್ಟ ಹಣಕ್ಕೆ ಪ್ರಮಾಣಪತ್ರ ಬರಲಿ. 2018ರ ಮೇ ತಿಂಗಳಲ್ಲಿ ಯುಜಿಸಿ ತನ್ನ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಒಂದೇ ಏಟಿಗೆ ತೆಗೆದುಹಾಕಿತು. ಆಮೇಲೆ ಕೇರ್ ಪಟ್ಟಿ ಬಂತು, 2025ರಲ್ಲಿ ಅದೂ ಹೋಯಿತು. ಪಟ್ಟಿಗಳು ಹೋಗಿ ಬರುತ್ತಿರುತ್ತವೆ. ರಸೀತಿ ಜೋಪಾನ.

ಹಳೆಯ ಮಾದರಿಯ ಬಗ್ಗೆ

ಕೆಲವು ಗ್ರಾಹಕರು 1965ರ ಮಾದರಿಯನ್ನು ಕೇಳಿಕೊಂಡು ಬರುತ್ತಾರೆ. ಅದು ಈಗ ತಯಾರಿಕೆಯಲ್ಲಿಲ್ಲ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಸುಮಾರು 2,300 ಮೀಟರ್ ಕೆಳಗೆ, ಸೆಕೆಯಲ್ಲಿ ಬೆವರುತ್ತ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳವರು ಕಾದಿದ್ದರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಹಿಡಿದ ವರದಿಯನ್ನು ಲೋಕದಲ್ಲಿ ಮೊದಲು ಅಚ್ಚಿಗೆ ತಂದರು. ದಕ್ಷಿಣ ಆಫ್ರಿಕಾದ ಗಣಿಯಲ್ಲಿದ್ದವರು ತಮ್ಮ ನ್ಯೂಟ್ರಿನೊವನ್ನು ಇವರಿಗಿಂತ ಮುಂಚೆ ಕಂಡಿದ್ದರೂ ಅವರ ವರದಿ ಅಚ್ಚಾದದ್ದು ಕೆಲವು ದಿನ ತಡವಾಗಿ. ಆ ಮಾದರಿಯ ಪೆಟ್ಟಿಗೆಯಲ್ಲಿ ಪ್ರಶ್ನೆ ಇತ್ತು. ಪೈ ಚಾರ್ಟು ಇರಲಿಲ್ಲ.

ದೋಷ ನಿವಾರಣೆ

ಪ್ರಿಂಟರ್ ಕೆಟ್ಟರೆ ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿ. ಗೈಡ್ ಕೆಟ್ಟರೆ ಉಪಾಯವಿಲ್ಲ.

ಒಂದೇ ಒಂದು ದೋಷ ಪದೇಪದೇ ವರದಿಯಾಗುತ್ತಿದೆ. ನೀವು ಪ್ರಶ್ನಾವಳಿ ಬಿಚ್ಚುತ್ತಿದ್ದಂತೆ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತ ಕೂತ ಅಜ್ಜಿ ಕೇಳುತ್ತಾಳೆ: ‘ಹೋದ ಸಾರಿ ಬಂದೋರೂ ಇದೇ ಕೇಳಿ ಬರ್ಕೊಂಡು ಹೋದ್ರು. ಏನಾಯ್ತಮ್ಮ ಅದು? ನಮ್ ಬೋರಿನ ನೀರು ಕುಡೀಬೋದಾ, ಬೇಡ್ವಾ?’ ಇದಕ್ಕೆ ಪ್ರಶ್ನಾವಳಿಯಲ್ಲಿ ಚೌಕವಿಲ್ಲ. ಉತ್ತರ ಇರುವುದು ಹೋದ ಸಾರಿ ಬಂದವರ ಪ್ರಬಂಧದ ನಾಲ್ಕನೇ ಅಧ್ಯಾಯದ ಕೋಷ್ಟಕದಲ್ಲಿ, ಅದು ಇಂಗ್ಲಿಷಿನಲ್ಲಿದೆ, ಲೈಬ್ರರಿಯ ಬೀಗದ ಕಪಾಟಿನಲ್ಲಿದೆ.

ತಯಾರಕರು ಇದಕ್ಕೊಂದು ಹೆಚ್ಚುವರಿ ಬಿಡಿಭಾಗ ಸೂಚಿಸುತ್ತಾರೆ, ಕಡ್ಡಾಯವಲ್ಲ. ಯಾವ ಬೋರಿನಲ್ಲಿ ಎಷ್ಟು ಫ್ಲೋರೈಡ್, ಯಾವುದನ್ನು ಕುಡಿಯಬಾರದು ಎಂಬುದನ್ನು ಅರ್ಧ ಹಾಳೆ ಕನ್ನಡದಲ್ಲಿ ಬರೆದು ಊರಿನ ಹಾಲಿನ ಡೇರಿಯ ಗೋಡೆಗೆ ಅಂಟಿಸಿ. ಬೆಳಿಗ್ಗೆ ಸಂಜೆ ಹಾಲು ಹಾಕಲು ಸಾಲು ನಿಂತವರು ಫ್ಯಾಟಿನ ಅಂಕಿ ನೋಡುವಾಗ ಅದನ್ನೂ ನೋಡುತ್ತಾರೆ. ಈ ಪ್ರಕಟಣೆಗೆ ಐಎಸ್‌ಎಸ್‌ಎನ್ ಸಂಖ್ಯೆ ಇಲ್ಲದ ಕಾರಣ ಬಡ್ತಿಗೆ ಅಂಕ ಸಿಗುವುದಿಲ್ಲ. ಮೈದಾಹಿಟ್ಟಿನ ಅಂಟನ್ನು ಗ್ರಾಹಕರೇ ಕಾಯಿಸಿಕೊಂಡು ತರತಕ್ಕದ್ದು.