ವಿಷಮಶೀತಜ್ವರಾಣು ಮಹಾಶಯರಿಗೆ ಬಿನ್ನವತ್ತಳೆ

(ಲಂಡನ್ ಮಹಾನಗರದ ಕನ್ನಡಿಗರು ಕ್ರಾಯ್ಡನ್ನಿನ ಸಭಾಭವನವೊಂದರಲ್ಲಿ ಅರ್ಪಿಸಿದ್ದು)

ಮಹಾಶಯರೆ,

ಬರಿಗಣ್ಣಿಗೆ ಗೋಚರಿಸದ ಅತಿಥಿಗೆ ಹಾರವನ್ನು ಎಲ್ಲಿ ಹಾಕಬೇಕು, ಮೈಸೂರು ಪೇಟವನ್ನು ಯಾವುದಕ್ಕೆ ತೊಡಿಸಬೇಕು ಎಂಬ ಸಂದಿಗ್ಧಕ್ಕೆ ಸಿಲುಕಿದ ನಮ್ಮ ಸ್ವಾಗತ ಸಮಿತಿಯವರು, ತಮಗೆ ಶಿರಸ್ಸಾಗಲಿ ಕಂಠವಾಗಲಿ ಇಲ್ಲವೆಂದೂ, ಇರುವುದೆಲ್ಲ ಮೈಸುತ್ತ ಹೊರಟ ಬಾಲಗಳೇ ಎಂದೂ ತಜ್ಞರಿಂದ ತಿಳಿದು, ಏಲಕ್ಕಿ ಹಾರವನ್ನು ವೇದಿಕೆಯ ಮೇಲಿರುವ ನೀರಿನ ಹೂಜಿಗೇ ಹಾಕಿ ಕೃತಾರ್ಥರಾಗಿರುವರು. ತಮ್ಮನ್ನು ಅಲ್ಲಿಯೇ ಆಸೀನರೆಂದು ಭಾವಿಸಿ ಬಿನ್ನವಿಸಿಕೊಳ್ಳುತ್ತೇವೆ.

ತಮಗೂ ಈ ರಾಜಧಾನಿಗೂ ಇರುವ ಬಾಂಧವ್ಯ ನಿನ್ನೆ ಮೊನ್ನೆಯದಲ್ಲ. 1861ರಲ್ಲಿ ವಿಕ್ಟೋರಿಯಾ ರಾಣಿಯ ಪತಿಯನ್ನು ವಿಂಡ್ಸರ್ ಅರಮನೆಯಿಂದ ಕರೆದೊಯ್ದವರು ತಾವೇ ಎಂದು ಅಂದಿನ ರಾಜವೈದ್ಯರು ಬರೆದಿಟ್ಟರು. ಇಂದಿನವರು ಕೆಲವರು ಸಂಶಯಿಸುತ್ತಾರೆ, ಆದರೆ ಸಂಶಯಾಸ್ಪದವಾದ ಸಾಧನೆಯನ್ನು ಬಿನ್ನವತ್ತಳೆಯಿಂದ ಬಿಟ್ಟುಬಿಡುವ ವಾಡಿಕೆ ನಮ್ಮಲ್ಲಿ ಇಲ್ಲ. ಹತ್ತು ವರ್ಷಗಳ ತರುವಾಯ ಯುವರಾಜನನ್ನೂ ಮಲಗಿಸಿದಿರಿ. ಆತನು ತಮ್ಮ ಕೈಯಿಂದ ಪಾರಾದುದಕ್ಕಾಗಿ 1872ರ ಫೆಬ್ರವರಿ 27ರಂದು ಸಂತ ಪಾಲರ ಮಹಾದೇವಾಲಯದಲ್ಲಿ ರಾಣಿಯ ಸಮಕ್ಷಮದಲ್ಲಿ ಕೃತಜ್ಞತಾ ಪ್ರಾರ್ಥನೆ ನಡೆಯಿತು.

ಅರಮನೆಯ ಮಾತು ಹಾಗಿರಲಿ. ಈ ಸಮಾರಂಭಕ್ಕೆ ಕ್ರಾಯ್ಡನ್ನನ್ನೇ ಆರಿಸಿಕೊಂಡದ್ದಕ್ಕೆ ಕಾರಣವುಂಟು. 1937ರ ಶರತ್ಕಾಲದಲ್ಲಿ ಇಲ್ಲಿಗೆ ಸಮೀಪದ ಆಡಿಂಗ್ಟನ್ ಬಾವಿಯ ಕೆಲಸಕ್ಕೆಂದು ಕೆಳಗಿಳಿದ ಆಳುಗಳಲ್ಲಿ ಒಬ್ಬನ ದೇಹದಲ್ಲಿ, ಅವನಿಗೇ ಅರಿವಾಗದಂತೆ, ಜ್ವರವಿಲ್ಲದೆ ನೋವಿಲ್ಲದೆ ತಾವು ಬಿಡಾರ ಹೂಡಿದ್ದಿರಿ. ನೀರನ್ನು ಸೋಸುವುದೂ ಅದಕ್ಕೆ ಕ್ಲೋರಿನ್ ಬೆರೆಸುವುದೂ ಆ ದಿನಗಳಲ್ಲಿ ನಿಂತಿದ್ದವು. ನೀರು ಮಾತ್ರ ಎಂದಿನಂತೆ ಊರಿನ ನಲ್ಲಿಗಳಿಗೆ ಹರಿಯುತ್ತಿತ್ತು. ಬಾವಿಯಲ್ಲಿ ಆಳುಗಳಿದ್ದಾರೆಂಬ ಸಂಗತಿ ಇಂಜಿನಿಯರರಿಗೆ ಗೊತ್ತಿತ್ತು, ಆರೋಗ್ಯಾಧಿಕಾರಿಗೆ ಗೊತ್ತಿರಲಿಲ್ಲ. ಒಂದೇ ಪುರಸಭೆಯ ಎರಡು ಕಛೇರಿಗಳು ಪರಸ್ಪರ ಮಾತನಾಡದಿರುವುದು ಅಷ್ಟೇನೂ ಅಪೂರ್ವ ವಿದ್ಯಮಾನವಲ್ಲವಾದರೂ, ಆ ಮೌನವನ್ನು ತಮ್ಮಷ್ಟು ಸಮರ್ಥವಾಗಿ ಬಳಸಿಕೊಂಡವರು ವಿರಳ. ಕಾಯಿಲೆ ಬಿದ್ದವರು 341 ಮಂದಿ, ಮಡಿದವರು 43. ಈ ಸಂಖ್ಯೆಗಳನ್ನು ಓದುವಾಗ ಸಭಿಕರು ಚಪ್ಪಾಳೆ ತಟ್ಟಬಾರದಾಗಿ ವಿನಂತಿ.

ತಮ್ಮ ದಾಯಾದಿಗಳನ್ನೂ ಇಲ್ಲಿ ಸ್ಮರಿಸುವುದು ಉಚಿತ. ಮೊಟ್ಟೆಯನ್ನೇ ಪಲ್ಲಕ್ಕಿ ಮಾಡಿಕೊಂಡು ಅವರು ಈ ದೇಶದಲ್ಲಿ ಮೆರೆಯುತ್ತಿದ್ದ ಕಾಲದಲ್ಲಿ, ಅಂದರೆ 1988ರ ಡಿಸೆಂಬರಿನಲ್ಲಿ, ಎಡ್ವಿನಾ ಕರಿ ಎಂಬ ಉಪಸಚಿವೆ ದೇಶದ ಮೊಟ್ಟೆಯ ಬಹುಪಾಲಿಗೆ ಸೋಂಕು ತಗಲಿದೆಯೆಂದು ಬಹಿರಂಗವಾಗಿ ನುಡಿದು, ಎರಡು ವಾರ ತುಂಬುವುದರೊಳಗೆ ಪದತ್ಯಾಗ ಮಾಡಬೇಕಾಯಿತು. ರೋಗ ಕೋಳಿಗೆ, ಪಥ್ಯ ಸಚಿವೆಗೆ! ಆಮೇಲೆ ಕೋಳಿಗಳಿಗೆ ಲಸಿಕೆ ಹಾಕಿಸಿದರು. ಕೋಳಿಗಳು ಚರ್ಚೆ ಮಾಡದೆ ಹಾಕಿಸಿಕೊಂಡವು.

ಆ ವಿವೇಕ ನಮ್ಮಲ್ಲಿ ಇಲ್ಲದಿರುವುದೇ ತಮ್ಮ ಸೌಭಾಗ್ಯ. ಲಂಡನ್ನಿನ ನಲ್ಲಿಯೊಳಗೆ ಪ್ರವೇಶ ನಿಷಿದ್ಧವಾಗಿರುವ ಈ ಕಾಲದಲ್ಲಿ ತಮ್ಮನ್ನು ಹೀಥ್ರೋ ಮಾರ್ಗವಾಗಿ, ವೀಸಾ ಇಲ್ಲದೆ, ಕರುಳಿನಲ್ಲಿಟ್ಟುಕೊಂಡು ಕರೆತರುವವರು, ತವರಿಗೆ ಹೋಗಿಬರುವ ನಮ್ಮಂಥವರೇ ಅಲ್ಲವೆ? ಬೇಸಗೆಯ ರಜೆಗೆ ಮುಂಚೆ ಜಿ.ಪಿ. ಬಳಿಯ ನರ್ಸಮ್ಮ ಪ್ರಯಾಣದ ವಿವರ ಕೇಳಿ, ಟೈಫಾಯಿಡಿನ ಚುಚ್ಚುಮದ್ದು ಎನ್.ಎಚ್.ಎಸ್.ನಲ್ಲಿ ಪುಕ್ಕಟೆಯೆಂದೂ, ಮೂರು ವರ್ಷ ಕಾಪಾಡುವುದೆಂದೂ ಹೇಳಿದಾಗ, ಯಜಮಾನರು ಪತ್ನಿಯ ಕಡೆ ತಿರುಗಿ, “ನಮ್ಮೂರಿಗೆ ನಾವು ಹೋಗೋದಕ್ಕೂ ಇಂಜೆಕ್ಷನ್ನಾ? ಆ ನೀರು ಕುಡಿದೇ ಅಲ್ಲವೇನೇ ಬೆಳೆದದ್ದು!” ಎಂದು ನಕ್ಕುಬಿಡುತ್ತಾರೆ. ಬಾಲ್ಯದಲ್ಲಿ ಕುಡಿದ ನೀರು ಆಜೀವ ರಕ್ಷೆಯನ್ನು ಕೊಡದೆಂಬುದನ್ನೂ, ಹ್ಯಾರೋದಲ್ಲಿ ಹುಟ್ಟಿದ ಮಕ್ಕಳು ಆ ನೀರನ್ನು ಕುಡಿದೇ ಇಲ್ಲವೆಂಬುದನ್ನೂ ಆ ನಗೆಯಲ್ಲಿ ಮರೆತು, ಮದುವೆಮನೆಯ ಐಸು ಹಾಕಿದ ಪಾನಕಕ್ಕೂ ಬಸ್‌ಸ್ಟ್ಯಾಂಡಿನಲ್ಲಿ ಹೆಚ್ಚಿಟ್ಟ ಕಲ್ಲಂಗಡಿಗೂ ಕೈಚಾಚುತ್ತೇವೆ.

ಮರಳಿ ಬಂದ ಮೇಲೆ ತಾವು ತೋರುವ ಸಂಯಮ ಶ್ಲಾಘನೀಯ. ಮೊದಲು ಬರಿಯ ತಲೆನೋವು: ವಿಮಾನದ ಆಯಾಸವೆನ್ನುತ್ತೇವೆ. ಆಮೇಲೆ ದಿನದಿನಕ್ಕೂ ಮೆಟ್ಟಿಲೇರುವ ಜ್ವರ: ಶುಂಠಿ ಕಷಾಯ ಕುಡಿಯುತ್ತೇವೆ. ಅದಕ್ಕೂ ಜಗ್ಗದಿದ್ದರೆ ಊರಿನ ಮೆಡಿಕಲ್ ಶಾಪಿನಿಂದ ಕಟ್ಟಿಸಿ ತಂದ ಅಜಿತ್ರೊಮೈಸಿನ್ ಮಾತ್ರೆಯನ್ನು ಎರಡು ದಿನ ನುಂಗಿ, ಮೈ ತುಸು ಹಗುರವಾದೊಡನೆ ಉಳಿದದ್ದನ್ನು ಮುಂದಿನ ಜ್ವರಕ್ಕೆಂದು ಡ್ರಾಯರಿನಲ್ಲಿಡುತ್ತೇವೆ. ತಮ್ಮ ಸಂತತಿಗೆ ಔಷಧವನ್ನು ಜೀರ್ಣಿಸಿಕೊಳ್ಳುವ ಶಿಕ್ಷಣವನ್ನು ಇಷ್ಟು ಶ್ರದ್ಧೆಯಿಂದ ಕೊಡಿಸಿದ ಪೋಷಕರು ಮತ್ತಾರಿರುವರು? ಕಡೆಗೆ ಆಸ್ಪತ್ರೆಯಲ್ಲಿ ರಕ್ತ ತೆಗೆದು, ಕಾಲಿಂಡೇಲಿನ ಪ್ರಯೋಗಶಾಲೆಯವರು ತಮ್ಮ ವಂಶವಾಹಿಯನ್ನು ಅಕ್ಷರಶಃ ಓದಿ ಗೋತ್ರಪ್ರವರ ಹೇಳುವ ಹೊತ್ತಿಗೆ, ತಾವು ಪಿತ್ತಕೋಶದಲ್ಲಿ ಕಾಯಂ ಬಾಡಿಗೆದಾರರಾಗುವ ಯೋಚನೆಯಲ್ಲಿರುತ್ತೀರಿ. ಮನೆಯಲ್ಲಿ ಅಡುಗೆಯ ವೃತ್ತಿಯವರಿದ್ದರಂತೂ, ಮಲಪರೀಕ್ಷೆಯ ಡಬ್ಬಿಗಳು ತಾವಿಲ್ಲವೆಂದು ಸಾಕ್ಷಿ ಹೇಳುವವರೆಗೆ ಅವರು ಸೌಟು ಮುಟ್ಟುವಂತಿಲ್ಲ.

ಇನ್ನು ಕಾರ್ಯಕ್ರಮದ ಕೊನೆಯ ಅಂಗ, ತಮ್ಮ ಉತ್ತರಭಾಷಣ. ಅದನ್ನು ಈ ಸಂಜೆಯೇ ದಯಪಾಲಿಸಬೇಕೆಂದು ನಾವು ಒತ್ತಾಯಿಸುವುದಿಲ್ಲ. ಒಂದೆರಡು ವಾರ ತಡೆದು, ಆಮಂತ್ರಿಸಿದವರ ಮನೆಗೇ ಬಂದು ಮಾತನಾಡುವುದು ತಮ್ಮ ಪದ್ಧತಿಯೆಂಬುದನ್ನು ಬಲ್ಲೆವು. ಕಾರ್ಯದರ್ಶಿಗಳು ಮೊನ್ನೆಯಷ್ಟೇ ಊರಿನಿಂದ ಬಂದಿದ್ದಾರೆ, ತಲೆ ಸ್ವಲ್ಪ ಭಾರವೆನ್ನುತ್ತಿದ್ದಾರೆ.