ಹಾಸಿಗೆ ಇದ್ದಷ್ಟು ಸೂಟ್‌ಕೇಸ್ ಎಳೆ

ಹೆಣ್ಣು ನೋಡಿ ಒಪ್ಪುವುದಕ್ಕೆ ಒಂದು ಸಂಜೆ, ಒಂದು ತಟ್ಟೆ ಕೇಸರಿಬಾತು ಸಾಕಾಗಿದ್ದ ನಮ್ಮ ಮನೆತನಕ್ಕೆ ಇಟಲಿಯಲ್ಲೊಂದು ಕೋಣೆ ಒಪ್ಪುವುದಕ್ಕೆ ಇಡೀ ಚಳಿಗಾಲ ಬೇಕಾಗಿದೆ. ಜಾತಕದಲ್ಲಿ ಸಣ್ಣಪುಟ್ಟ ದೋಷವಿದ್ದರೆ ಶಾಂತಿ ಮಾಡಿಸಿ ಮುಗಿಸುತ್ತಿದ್ದರು. ಹೋಟೆಲ್ಲಿನ ರೇಟಿಂಗ್ 8.7 ಎಂದಿದ್ದರೆ ಮಾತ್ರ ಯಾವ ಶಾಂತಿಯೂ ಇಲ್ಲ. ಉಳಿದ ಅಂಕ ಯಾಕೆ ಹೋಯಿತೆಂದು ಮನೆಮಂದಿಯೆಲ್ಲ ಕೂತು ಶೋಧಿಸಬೇಕು. ಯಾರೋ ಒಬ್ಬ ಪುಣ್ಯಾತ್ಮ ‘ದಿಂಬು ತೀರಾ ಮೆತ್ತಗೆ’ ಎಂದು ಬರೆದಿರುತ್ತಾನೆ, ಮುಂದಿನವನು ಅದೇ ದಿಂಬು ಕಲ್ಲು ಎಂದಿರುತ್ತಾನೆ. ಇಬ್ಬರನ್ನೂ ನಂಬಿದ ಅಕ್ಕ, ದಿಂಬನ್ನು ಮನೆಯಿಂದಲೇ ಒಯ್ಯುವುದೆಂದು ತೀರ್ಮಾನಿಸಿದ್ದಾಳೆ.

ಭಾವನವರದು ಎಕ್ಸೆಲ್ ಶೀಟು. ಊರು, ದರ, ತಿಂಡಿ, ವೈಫೈ, ಎ.ಸಿ., ಕಿಟಕಿಯಿಂದ ಏನು ಕಾಣುತ್ತದೆ, ಎಲ್ಲಕ್ಕೂ ಒಂದೊಂದು ಕಾಲಂ. ಕೊನೆಯ ಕಾಲಮ್ಮಿಗೆ ‘ಮನೆಯವರ ಅಭಿಪ್ರಾಯ’ ಎಂದು ಹೆಸರು. ಲೆಕ್ಕಕ್ಕೆ ಬರುವುದು ಅದೊಂದೇ ಎಂದು ಶೀಟಿಗೂ ಗೊತ್ತು, ಭಾವನವರಿಗೂ ಗೊತ್ತು. ಮೊದಲ ಕರಡಿನಲ್ಲಿ ಮಿಲಾನ್, ಕೋಮೋ ಸರೋವರ, ವೆನಿಸ್, ಪೀಸಾ, ಫ್ಲಾರೆನ್ಸ್, ರೋಮ್, ನೇಪಲ್ಸ್, ಅಮಾಲ್ಫಿ, ಎಲ್ಲ ಕಡೆಗೂ ಒಂದೊಂದು ರಾತ್ರಿ ಬರೆದಿದ್ದರು. “ಭಾವ, ಇದು ಪ್ರವಾಸವೋ, ಚುನಾವಣಾ ಪ್ರಚಾರವೋ?” ಅಂದೆ. “ಅಷ್ಟು ದೂರ ಹೋಗಿ ಒಂದು ಊರು ಬಿಟ್ಟು ಬಂದರೆ ಆಮೇಲೆ ನಾಲ್ಕು ಜನ ಏನಂತಾರಯ್ಯ?” ಅಂದರು. ಆ ನಾಲ್ಕು ಜನರೂ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲೇ ಇದ್ದಾರೆ.

ಕೋಣೆ ಹುಡುಕುವ ಈ ರೋಗಕ್ಕೆ ವೀಸಾ ಕಛೇರಿಯೇ ಗೊಬ್ಬರ ಹಾಕುತ್ತದೆ. ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕುವಾಗ ಎಲ್ಲೆಲ್ಲಿ ಮಲಗುತ್ತೀರಿ ಎಂಬುದಕ್ಕೆ ಕಾಗದ ತೋರಿಸಬೇಕು. ಜೊತೆಗೆ 30,000 ಯೂರೋಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ. ಅಂದರೆ ಒಳಗೆ ಬಿಡುತ್ತಾರೋ ಇಲ್ಲವೋ ಗೊತ್ತಾಗುವ ಮೊದಲೇ ಅಲ್ಲಿ ಹಾಸಿಗೆ ಹಾಸಿಟ್ಟಿರಬೇಕು. ಅದಕ್ಕೇ ನಮ್ಮವರೆಲ್ಲ ‘ಉಚಿತ ರದ್ದತಿ’ ಎಂಬ ಸೌಲಭ್ಯ ನೋಡಿ ಬುಕ್ ಮಾಡುವುದು. ಒಳ್ಳೆಯ ಸೌಲಭ್ಯವೇ. ಆದರೆ ರದ್ದು ಮಾಡಬಹುದು ಎಂದ ಮೇಲೆ ಭಾವನಂಥವರಿಗೆ ನಿದ್ದೆ ಎಲ್ಲಿಂದ ಬರಬೇಕು? ಒಂದೇ ರಾತ್ರಿಗೆ ಫ್ಲಾರೆನ್ಸಿನಲ್ಲಿ ಮೂರು ಹೋಟೆಲ್ ಹಿಡಿದಿಟ್ಟುಕೊಂಡು ತೂಗುತ್ತಿದ್ದಾರೆ.

ನನ್ನನ್ನು ಕೇಳಿದರೆ, ಇಟಲಿಯಲ್ಲಿ ಕೋಣೆಯ ಫೋಟೋ ನೋಡುವುದೇ ದಂಡ. ನೋಡಬೇಕಾದ್ದು ರೈಲು ಇಳಿದ ಜಾಗದಿಂದ ಆ ಹಾಸಿಗೆಯವರೆಗಿನ ದಾರಿ. ಫೋಟೋದಲ್ಲಿ ಮಲ್ಲಿಗೆ ಬಣ್ಣದ ಹೊದಿಕೆ, ಕಿಟಕಿಯಾಚೆ ಗೋಪುರ, ಮೇಜಿನ ಮೇಲೆ ಎರಡು ಗ್ಲಾಸು ಎಲ್ಲ ಇರುತ್ತದೆ. ಮೂರನೆಯ ಮಹಡಿ ಎಂಬುದಾಗಲಿ, ಆ ಮಹಡಿಗೆ ಹೋಗುವ ಲಿಫ್ಟಾಗಲಿ ಇರುವುದಿಲ್ಲ.

ಆ ಲಿಫ್ಟನ್ನು ಒಮ್ಮೆ ನೋಡಿಯೇ ಅನುಭವಿಸಬೇಕು. ರೋಮಿನ ಟರ್ಮಿನಿ ಸ್ಟೇಷನ್ ಸುತ್ತಮುತ್ತ ಹಳೆಯ ಭಾರಿ ಕಟ್ಟಡಗಳಿವೆ. ಒಂದೊಂದು ಮಹಡಿಗೆ ಒಂದೊಂದು ಸಣ್ಣ ಹೋಟೆಲು, ಬಾಗಿಲ ಬಳಿ ಹಿತ್ತಾಳೆಯ ನಾಮಫಲಕಗಳ ಸಾಲು. ಮೆಟ್ಟಿಲು ಸುತ್ತಿ ಮೇಲೇರುವ ಬಾವಿಯಂಥ ಜಾಗದಲ್ಲಿ ಯಾವ ಕಾಲದಲ್ಲೋ ಒಂದು ಪಂಜರ ತೂರಿಸಿದ್ದಾರೆ. ಹೊರಗೆ ಕಬ್ಬಿಣದ ಜಾಲರಿ ಬಾಗಿಲು, ಒಳಗೆ ಮರದ ಪುಟ್ಟ ಜೋಡಿಬಾಗಿಲು. ಎರಡನ್ನೂ ಕೈಯಲ್ಲೇ ಮುಚ್ಚಬೇಕು. ಮುಚ್ಚದಿದ್ದರೆ ಅಲ್ಲಾಡುವುದಿಲ್ಲ. ನಾಲ್ಕನೆಯ ಮಹಡಿಯಲ್ಲಿ ಯಾರೋ ಜಾಲರಿ ಸರಿಯಾಗಿ ಹಾಕದೆ ಹೋದರೆ, ಕೆಳಗೆ ನೀವು ಗುಂಡಿ ಒತ್ತಿಯೇ ಒತ್ತುತ್ತೀರಿ. ಬಂದರೂ ಒಬ್ಬ ಮನುಷ್ಯ, ಒಂದು ಸೂಟ್‌ಕೇಸು. ಸೂಟ್‌ಕೇಸು ನಮ್ಮ ಅಕ್ಕನದಾದರೆ ಮನುಷ್ಯನಿಗೆ ಜಾಗವಿಲ್ಲ. ಹಾಗಾಗಿ ಸಾಮಾನು ಒಂಟಿಯಾಗಿ ಮೇಲೇರುತ್ತದೆ, ಯಜಮಾನರು ಏದುಸಿರು ಬಿಡುತ್ತಾ ಮೆಟ್ಟಿಲ ಮೇಲೆ ಅದರ ಬೆನ್ನಟ್ಟುತ್ತಾರೆ.

ಟರ್ಮಿನಿ ಸುತ್ತಮುತ್ತ ಬೇಡ, ಅದು ಸ್ಟೇಷನ್ ಏರಿಯಾ ಎಂದು ಮೂಗು ಮುರಿಯುವವರು ಬಹಳ. ಅಕ್ಕನ ಮಗಳಿಗೆ ಟ್ರಾಸ್ತೆವೆರೆಯೇ ಆಗಬೇಕು. ಗೋಡೆಯ ಮೇಲೆ ಬಳ್ಳಿ, ಬೀದಿಗೆ ಬಂದ ಮೇಜು, ಫೋಟೋಕ್ಕೆ ಹೇಳಿಮಾಡಿಸಿದ ಕೇರಿ. ಸರಿ, ಆದರೆ ಅಲ್ಲಿ ಬೀದಿಗೆ ಹಾಸಿರುವುದು ‘ಸಾಂಪಿಯೆತ್ರೀನಿ’ ಎಂಬ ಕರಿಕಲ್ಲಿನ ತುಂಡುಗಳು. ಸೂಟ್‌ಕೇಸಿನ ಚಕ್ರ ಅದರ ಮೇಲೆ ಉರುಳುವ ಸದ್ದಿಗೆ ಕೇರಿಯೆಲ್ಲ ತಿರುಗಿ ನೋಡುತ್ತದೆ. ಸೇಡು ಎಂಬಂತೆ ಕೇರಿ ರಾತ್ರಿ ಎರಡರವರೆಗೆ ನಿಮ್ಮ ಕಿಟಕಿಯ ಕೆಳಗೆ ಮಾತಾಡುತ್ತದೆ. ನನ್ನ ಓಟು ಟರ್ಮಿನಿಯ ಕಡೆಗೇ, ಅಥವಾ ಹತ್ತಿರದ ಮೊಂತಿ ಎಂಬ ಕೇರಿಗೆ. ವಿಮಾನ ನಿಲ್ದಾಣದಿಂದ ರೈಲು ಅರ್ಧ ಗಂಟೆ ಚಿಲ್ಲರೆಯಲ್ಲಿ ನೇರ ಟರ್ಮಿನಿಗೇ ಬರುತ್ತದೆ. ಮೇಲಾಗಿ ನಡೆದು ಹೋಗುವಷ್ಟು ಹತ್ತಿರದಲ್ಲಿ ಎಸ್ಕ್ವಿಲೀನೋ ಮಾರುಕಟ್ಟೆ ಇದೆ. ಬಾಂಗ್ಲಾದ ಅಂಗಡಿಯವರ ಹತ್ತಿರ ಬೆಂಡೆಕಾಯಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸಿಗುತ್ತದೆ. ಇದನ್ನು ಹೇಳಿದ್ದೇ ತಡ, ಟರ್ಮಿನಿಯ ಮಾನ ದೊಡ್ಡಮ್ಮನ ದೃಷ್ಟಿಯಲ್ಲಿ ಸಂತ ಪೀಟರನ ಚರ್ಚಿಗಿಂತ ಮೇಲೇರಿತು.

ಇನ್ನು ವೆನಿಸ್. ಇಲ್ಲಿ ಮನೆಮುರುಕ ಪ್ರಶ್ನೆಯೊಂದಿದೆ: ದ್ವೀಪದ ಒಳಗೋ, ಈಚೆ ದಡದ ಮೆಸ್ತ್ರೆಯೋ? ಮೆಸ್ತ್ರೆಯಲ್ಲಿ ಕೋಣೆ ದೊಡ್ಡದು, ದರ ಕಡಿಮೆ, ಲಿಫ್ಟು ಲಿಫ್ಟಿನ ಹಾಗೇ ಇರುತ್ತದೆ, ರೈಲಿನಲ್ಲಿ ಹತ್ತು ನಿಮಿಷಕ್ಕೆ ಸಾಂತಾ ಲೂಚಿಯಾ ಸ್ಟೇಷನ್. ಭಾವನವರ ಶೀಟು ಕಣ್ಣು ಮುಚ್ಚಿ ಮೆಸ್ತ್ರೆ ಎನ್ನುತ್ತದೆ. ಶೀಟಿಗೆ ಗೊತ್ತಿಲ್ಲದ್ದು ಸಂಜೆಯ ವಿಚಾರ. ಹಗಲಿಡೀ ತಳ್ಳಾಡುವ ಜನ ಸಂಜೆ ಏಳರ ಹೊತ್ತಿಗೆ ರೈಲು, ಬಸ್ಸು, ಹಡಗು ಹತ್ತಿ ಹೊರಟುಬಿಡುತ್ತಾರೆ. ಆಮೇಲೆ ಉಳಿಯುವುದು ನೀರು, ಸೇತುವೆ, ಮನೆಗೆ ತರಕಾರಿ ಚೀಲ ಹೊತ್ತು ಹೋಗುವ ಅಜ್ಜಿಯರು. ಆ ಹೊತ್ತಿಗೆ ಸರಿಯಾಗಿ ಮೆಸ್ತ್ರೆಯ ಗಿರಾಕಿ ಗಡಿಯಾರ ನೋಡಿಕೊಂಡು ಸ್ಟೇಷನ್ನಿಗೆ ಓಡುತ್ತಿರುತ್ತಾನೆ. ಒಂದು ನಕ್ಷತ್ರ ಕಡಿಮೆಯಾಗಲಿ, ಕೋಣೆ ಇಕ್ಕಟ್ಟಾಗಲಿ, ವೆನಿಸ್ಸಿನಲ್ಲಿ ಮಾತ್ರ ಒಳಗೇ ಮಲಗಬೇಕು. ಅಲ್ಲಿ ಜಿಪುಣತನ ಮಾಡುವುದಾದರೆ ಹೋಗುವುದೇ ಬೇಡ.

“ಹಗಲು ಬಂದು ಹೋಗುವವರಿಗೆ ಪ್ರವೇಶಶುಲ್ಕ ಇದೆಯಂತಲ್ಲ?” ಎಂದು ಭಾವನವರು ಕೇಳಿದರು. ಇದೆ, 2024ರಿಂದ ಜನಜಂಗುಳಿಯ ಕೆಲವು ದಿನಗಳಿಗೆ ಹಾಕಿದ್ದಾರೆ. ರಾತ್ರಿ ತಂಗುವವರಿಗೆ ವಿನಾಯಿತಿ. ಮೆಸ್ತ್ರೆಯೂ ವೆನಿಸ್ ನಗರಸಭೆಗೇ ಸೇರಿದ್ದರಿಂದ ಅಲ್ಲಿ ತಂಗಿದವರಿಗೂ ವಿನಾಯಿತಿ ಉಂಟು ಎಂದು ನಾನು ಪ್ರಾಮಾಣಿಕವಾಗಿ ಹೇಳಿದೆ. ಹೇಳಬಾರದಿತ್ತು, ಶೀಟಿನಲ್ಲಿ ಮೆಸ್ತ್ರೆ ಮತ್ತೆ ಹಸಿರು ಬಣ್ಣಕ್ಕೆ ತಿರುಗಿತು.

ಒಳಗೆ ಮಲಗುವುದೆಂದರೆ ಒಳಗೆ ತಲುಪುವುದೂ ಇದೆ. ಆಟೋ ಇಲ್ಲ, ಕಾರಿಲ್ಲ, ಸೈಕಲ್ಲೂ ಇಲ್ಲ. ಮೊಬೈಲಿನ ನಕ್ಷೆ ‘350 ಮೀಟರ್’ ಎನ್ನುತ್ತದೆ. ಅದರಲ್ಲಿ ಮೂರು ಸೇತುವೆ ಎಂದು ಹೇಳುವುದಿಲ್ಲ. ಆ ಊರಿನಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳಿವೆ. ಹತ್ತುವುದಕ್ಕೆ ಮೆಟ್ಟಿಲು, ಇಳಿಯುವುದಕ್ಕೆ ಮೆಟ್ಟಿಲು. ವಿಳಾಸವೋ, ಇನ್ನೂ ಚೆಂದ. ಊರನ್ನು ಆರು ಪೇಟೆಗಳಾಗಿ ಹಂಚಿ, ಬೀದಿಯ ಗೊಡವೆಯಿಲ್ಲದೆ ಒಂದೊಂದು ಪೇಟೆಗೆ ಒಂದರಿಂದ ಸಾಲಾಗಿ ಮನೆಸಂಖ್ಯೆ ಕೊಟ್ಟುಕೊಂಡು ಹೋಗಿದ್ದಾರೆ. ಕಾಸ್ತೆಲ್ಲೋ ಪೇಟೆಯಲ್ಲಿ ಸಂಖ್ಯೆ ಆರು ಸಾವಿರ ದಾಟುತ್ತದೆ. ನೀವು ನಿಂತ ಬಾಗಿಲಿನದು 4210, ನಿಮ್ಮ ಹೋಟೆಲ್ಲಿನದು 4230 ಎಂದು ಖುಷಿಪಟ್ಟರೆ, ನಡುವೆ ಒಂದು ಕಾಲುವೆ ಬಂದು ಕೂತಿರಬಹುದು. ಆದ್ದರಿಂದ ದೊಡ್ಡ ಸೂಟ್‌ಕೇಸುಗಳನ್ನು ಸ್ಟೇಷನ್ನಿನ ಸಾಮಾನು ಕೋಣೆಯಲ್ಲಿ ಒಪ್ಪಿಸಿ, ಎರಡು ದಿನದ ಬಟ್ಟೆಯನ್ನು ಬಗಲಚೀಲಕ್ಕೆ ತುಂಬಿಕೊಂಡು ಹೋಗಿ ಅಂದೆ. “ಇಪ್ಪತ್ತೆಂಟು ಇಂಚಿನದು ತಗೊಂಡಿದ್ದು ಸ್ಟೇಷನ್ನಲ್ಲಿ ಇಡೋದಕ್ಕಾ?” ಎಂದಳು ಅಕ್ಕ. ಹಾಗಾದರೆ ಸೇತುವೆ ಹತ್ತಿಸುವುದಕ್ಕೆ ತಗೊಂಡಿದ್ದಾ ಎಂದು ಕೇಳುವ ಧೈರ್ಯ ನನಗೂ ಬರಲಿಲ್ಲ, ಭಾವನವರಿಗಂತೂ ಮದುವೆಯಾದಾಗಿನಿಂದ ಬಂದಿಲ್ಲ.

ಫ್ಲಾರೆನ್ಸಿನಲ್ಲಿ ಜಗಳವೆಲ್ಲ ಕಿಟಕಿಯದು. ಆರ್ನೋ ನದಿ ಕಾಣುವ ಕೋಣೆಗೆ ಒಂದು ದರ, ಒಳಾಂಗಳ ಕಾಣುವುದಕ್ಕೆ ಇನ್ನೊಂದು. ಇದೇನು ಇವತ್ತಿನ ಜಗಳವಲ್ಲ, ಇ.ಎಂ. ಫಾರ್ಸ್ಟರ್ 1908ರಲ್ಲಿ ಬರೆದ ‘ಎ ರೂಮ್ ವಿತ್ ಎ ವ್ಯೂ’ ಕಾದಂಬರಿ ಶುರುವಾಗುವುದೇ ನದಿಯ ಕಡೆಯ ಕೋಣೆ ಕೊಡುತ್ತೇವೆಂದು ಹೇಳಿ ಅಂಗಳದ ಕಡೆಯದು ಕೊಟ್ಟರೆಂಬ ಇಬ್ಬರು ಇಂಗ್ಲಿಷ್ ಹೆಂಗಸರ ಗೊಣಗಾಟದಿಂದ. ಆ ಕಾದಂಬರಿಯಲ್ಲಿ ಪಾಪ, ಒಬ್ಬರು ಕೋಣೆ ಅದಲುಬದಲು ಮಾಡಿಕೊಳ್ಳೋಣ ಎಂದು ಮುಂದೆ ಬರುತ್ತಾರೆ. ಈಗ ಯಾರೂ ಬರುವುದಿಲ್ಲ, ರಾತ್ರಿಗೆ ಇಷ್ಟು ಹೆಚ್ಚು ಎಂದು ರಿಸೆಪ್ಷನ್ನಿನವನು ಬರುತ್ತಾನೆ. ನಿದ್ದೆ ಮಾಡುವಾಗ ಕಣ್ಣು ಮುಚ್ಚಿಕೊಂಡೇ ಇರುವುದರಿಂದ ನನಗೆ ಅಂಗಳವೇ ಸಾಕು. ನದಿಯನ್ನು ಬಿಟ್ಟಿಯಾಗಿ ಸೇತುವೆಯ ಮೇಲೆ ನಿಂತು ನೋಡಿದರಾಯಿತು.

ಭಾವನವರಿಗೆ ಮಾತ್ರ ಟಸ್ಕನಿಯ ಹೊಲದ ಮನೆಯ ಹುಚ್ಚು ಹಿಡಿಯಿತು. ದ್ರಾಕ್ಷಿ ತೋಟ, ಆಲಿವ್ ಮರ, ರೈತನ ಮನೆಯಲ್ಲಿ ವಾಸ. ಅಲ್ಲಿಗೆ ಬಸ್ಸು ಬರುವುದು ಅಪರೂಪ, ಕಾರು ಬೇಕು. ಕಾರು ತಗೊಂಡರೆ ಊರೊಳಗೆ ‘ಝಡ್.ಟಿ.ಎಲ್.’ ಎಂಬ ಚಕ್ರವ್ಯೂಹ: ಹಳೆಯ ಪೇಟೆಗಳಿಗೆ ಪರವಾನಗಿಯಿಲ್ಲದ ವಾಹನ ಹೋಗುವಂತಿಲ್ಲ. ತಡೆಯುವುದಕ್ಕೆ ಪೋಲೀಸರಿಲ್ಲ, ಗೇಟಿಲ್ಲ, ಕಂಬದ ಮೇಲೊಂದು ಕ್ಯಾಮೆರಾ ಅಷ್ಟೆ. ಒಳಗೆ ಹೋಗುವುದು ಸಲೀಸು. ಹೋಟೆಲ್ ಹುಡುಕುತ್ತಾ ಸುತ್ತು ಹೊಡೆದರೆ ದಂಡ. ತಿಂಗಳುಗಳಾದ ಮೇಲೆ, ಪ್ರವಾಸದ ಫೋಟೋ ತೋರಿಸುವುದೆಲ್ಲ ಮುಗಿದ ಮೇಲೆ, ಬಾಡಿಗೆ ಕಾರಿನ ಕಂಪನಿಯ ಮೂಲಕ ನೋಟೀಸು ಮನೆಗೇ ಬರುತ್ತದೆ. ಹೋಟೆಲು ಆ ವಲಯದೊಳಗೇ ಇದ್ದರೆ ಅವರಿಗೆ ಮೊದಲೇ ಗಾಡಿಯ ನಂಬರು ಕೊಟ್ಟು ದಾಖಲು ಮಾಡಿಸಬೇಕು. ಇದನ್ನು ಕೇಳಿದ ಮೇಲೆ ಆಲಿವ್ ಮರದ ಆಸೆ ತಾನಾಗಿ ಇಳಿಯಿತು.

ಅಕ್ಕನ ಮಗಳ ಆಸೆ ಬೇರೆ, ಮಾತೆರಾದ ಗುಹೆ ಹೋಟೆಲು. ದಕ್ಷಿಣದ ಆ ಊರಿನ ‘ಸಾಸ್ಸಿ’ ಗುಹೆಮನೆಗಳಲ್ಲಿ ಜನ, ಕತ್ತೆ, ಕೋಳಿ ಎಲ್ಲ ಒಂದೇ ಸೂರಿನಡಿ ಬದುಕುತ್ತಿದ್ದವು. ದೇಶಕ್ಕೇ ಅವಮಾನ ಎಂದು 1952ರಲ್ಲಿ ಕಾನೂನು ಮಾಡಿ ಸಾವಿರಾರು ಜನರನ್ನು ಹೊಸ ಬಡಾವಣೆಗಳಿಗೆ ಸಾಗಿಸಿದರು. 1993ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈಗ ಅದೇ ಗುಹೆಗೆ ಬಿಳಿ ಹಾಸಿಗೆ, ಮಂದ ದೀಪ, ಕಲ್ಲಿನ ಸ್ನಾನದ ತೊಟ್ಟಿ. “ಸರಕಾರ ಬಿಡಿಸಿದ ಮನೆಗೆ ನಾವು ದುಡ್ಡು ಕೊಟ್ಟು ಹೋಗಬೇಕೇನೇ?” ಎಂದು ದೊಡ್ಡಮ್ಮ ಕೇಳಿದ್ದಕ್ಕೆ ಮೊಮ್ಮಗಳ ಹತ್ತಿರ ಉತ್ತರವಿರಲಿಲ್ಲ. ನನ್ನ ಹತ್ತಿರವೂ ಇಲ್ಲ. ಆದರೂ ಎಂದಾದರೂ ಅಲ್ಲಿ ಮಲಗಬೇಕೆಂಬ ಆಸೆ ನನಗೂ ಉಂಟು.

ದೊಡ್ಡಮ್ಮನಿಗೆ ಹಿಡಿಸಿದ್ದು ಕ್ರೈಸ್ತ ಸಂನ್ಯಾಸಿನಿಯರು ನಡೆಸುವ ವಸತಿಗೃಹ. ರೋಮಿನಲ್ಲಿ ಅಂಥವು ಸಾಕಷ್ಟಿವೆ. ಥಳಥಳ ನೆಲ, ನಿಶ್ಶಬ್ದ, ಮಿತವಾದ ದರ, ಎಷ್ಟೋ ಕಡೆ ರಾತ್ರಿ ಹನ್ನೊಂದರ ಸುಮಾರಿಗೆ ಬಾಗಿಲು ಬಂದ್. ತಲೆದಿಂಬಿನ ಮೇಲೆ ಗೋಡೆಯಲ್ಲಿ ಶಿಲುಬೆ ಇರುತ್ತದೆ ಎಂದು ಮೊದಲೇ ಹೇಳಿದೆ. “ಇರಲಿ ಬಿಡೋ, ತಲೆ ಮೇಲೆ ದೇವರಿದ್ದರೆ ಒಳ್ಳೇದೇ ಅಲ್ವಾ” ಅಂದರು. ಗಂಡಹೆಂಡತಿಗೂ ಅನೇಕ ಕಡೆ ಬೇರೆ ಬೇರೆ ಒಂಟಿ ಮಂಚ ಎಂದಾಗ ಭಾವನವರು ಶೀಟಿನಿಂದ ತಲೆಯೆತ್ತಿ, ಗೊರಕೆಯ ದೂರು ತಪ್ಪುತ್ತದೆ ಎಂದು ಎರಡು ಅಂಕ ಹೆಚ್ಚು ಕೊಟ್ಟರು.

ಬಚ್ಚಲಿನ ವಿಷಯದಲ್ಲಿ ಇಟಲಿಯವರಿಗೆ ಕೈಮುಗಿಯಬೇಕು. ಯೂರೋಪಿನಲ್ಲಿ ಎಲ್ಲೆಡೆ ಬರೀ ಕಾಗದವೆಂಬ ಭಯದಲ್ಲಿ ನಮ್ಮವರು ಸೂಟ್‌ಕೇಸಿನಲ್ಲಿ ಪ್ಲಾಸ್ಟಿಕ್ ಚೊಂಬು ಒಯ್ಯುವುದುಂಟು. ಇಟಲಿಯಲ್ಲಿ ಮನೆಯ ಬಚ್ಚಲಿನಲ್ಲಿ ಬಿಡೆ ಎಂಬ ತೊಳೆದುಕೊಳ್ಳುವ ತೊಟ್ಟಿ ಇರಲೇಬೇಕೆಂದು 1975ರಲ್ಲೇ ಆರೋಗ್ಯ ಇಲಾಖೆ ಆಜ್ಞೆ ಹೊರಡಿಸಿದೆ. ಹೋಟೆಲುಗಳಲ್ಲೂ ಸಾಮಾನ್ಯವಾಗಿ ಇರುತ್ತದೆ. ಗೊತ್ತಿಲ್ಲದ ಎಷ್ಟೋ ಜನ ಅದರಲ್ಲಿ ಕಾಲು ತೊಳೆದು, ಕಾಲ್ಚೀಲ ನೆನೆಹಾಕಿ ಬಂದಿದ್ದಾರೆ.

ದುಡ್ಡಿನ ಮಾತು ಒಂದಿದೆ. ಬುಕ್ ಮಾಡಿದಾಗ ಕಂಡ ದರವೇ ಕೊನೆಯದೆಂದು ತಿಳಿಯಬೇಡಿ. ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಎಂದು ನಗರಸಭೆಯ ತೆರಿಗೆಯನ್ನು ಬಹಳ ಕಡೆ ಹೋಟೆಲ್ಲಿನವರೇ ಕೈಯಲ್ಲಿ ವಸೂಲು ಮಾಡುತ್ತಾರೆ. ನಕ್ಷತ್ರ ಏರಿದಂತೆ ತೆರಿಗೆಯೂ ಏರುತ್ತದೆ. ರೋಮಿನಲ್ಲಿ 2023ರ ಕೊನೆಗೆ ಏರಿಸಿದ ಮೇಲೆ ಮೂರು ನಕ್ಷತ್ರದ ಹೋಟೆಲ್ಲಿಗೆ ಆರು ಯೂರೋ. ನಾಲ್ಕು ಜನ ಮೂರು ರಾತ್ರಿ ಮಲಗಿದರೆ 72 ಯೂರೋ. ಭಾವನವರು ಆ ಅಂಕಿಯನ್ನು ರೂಪಾಯಿಗೆ ಗುಣಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಅಮಾಲ್ಫಿಯನ್ನು ಅಳಿಸಿದರು.

ಅಳಿಸುವುದು ಒಮ್ಮೆ ಶುರುವಾದರೆ ಸುಲಭ. ಬೆಳಗ್ಗೆ ಹತ್ತು ಹನ್ನೊಂದಕ್ಕೆ ಕೋಣೆ ಬಿಡಿಸುತ್ತಾರೆ, ಮುಂದಿನ ಊರಿನವರು ಮಧ್ಯಾಹ್ನ ಎರಡು ಮೂರಕ್ಕೆ ಮೊದಲು ಕೊಡುವುದಿಲ್ಲ. ರೋಮಿನಿಂದ ಫ್ಲಾರೆನ್ಸಿಗೆ ರೈಲು ಒಂದೂವರೆ ಗಂಟೆಯಲ್ಲೇ ಹೋದರೂ ಊರು ಬದಲಿಸಿದ ದಿನ ಅರ್ಧ ಕೈಬಿಟ್ಟಂತೆಯೇ. ಇಷ್ಟನ್ನು ಶೀಟಿನಲ್ಲಿ ಗಂಟೆಗಳ ಲೆಕ್ಕವಾಗಿ ತೋರಿಸಿದ ಮೇಲೆ ಕೋಮೋ ಹೋಯಿತು, ಮಿಲಾನ್ ಹೋಯಿತು. ಪೀಸಾದಲ್ಲಿ ಮಲಗುವುದು ಬೇಡ, ಫ್ಲಾರೆನ್ಸಿನಿಂದ ಲೋಕಲ್ ರೈಲಿನಲ್ಲಿ ಹೋಗಿ, ಗೋಪುರಕ್ಕೆ ಕೈಕೊಟ್ಟು ನಿಂತ ಫೋಟೋ ತೆಗೆಸಿಕೊಂಡು ಸಂಜೆಗೆ ವಾಪಸ್. ನೇಪಲ್ಸ್ ರೋಮಿನಿಂದ ಹೀಗೆಯೇ. ಕೊನೆಗೆ ಉಳಿದದ್ದು ಮೂರು ಊರು, ಮೂರು ಹಾಸಿಗೆ. ನಾಲ್ಕು ಜನಕ್ಕೆ ಏನು ಹೇಳುವುದೆಂಬ ಚಿಂತೆ ಭಾವನವರಿಗೆ ಇನ್ನೂ ಇದೆ.

ಎಲ್ಲ ಆಯಿತು ಎನ್ನುವಾಗ ದೊಡ್ಡಮ್ಮ ಎದ್ದರು. ಬೆಳಗಿನ ಐದಕ್ಕೆ ಅವರಿಗೆ ಕಾಫಿ ಆಗಬೇಕು. ಹೋಟೆಲ್ಲಿನ ತಿಂಡಿ ಏಳು ಏಳೂವರೆಗೆ, ಅದೂ ಕೊರ್ನೆತ್ತೋ ಎಂಬ ಸಿಹಿ ತಿನಿಸು. ಕೋಣೆಯಲ್ಲಿ ಕೆಟಲ್ ಇಡುವ ಪದ್ಧತಿ ಅಲ್ಲಿ ಅಷ್ಟಾಗಿ ಇಲ್ಲ. ತುಪ್ಪದ ಡಬ್ಬಿಯನ್ನು ಯೂರೋಪಿನ ಕಸ್ಟಮ್ಸ್ ಬಿಡುವುದಿಲ್ಲ, ಹಾಲಿನ ಪದಾರ್ಥ, ಎಂದು ಹೇಳಿ ಆಗಲೇ ಅವರ ಮನಸ್ಸು ನೋಯಿಸಿದ್ದೆ. ಕಾಫಿಯ ವಿಷಯದಲ್ಲಾದರೂ ಏನಾದರೂ ಮಾಡಲೇಬೇಕಿತ್ತು. ಬೆಳಗ್ಗೆ ಐದು ಗಂಟೆಗೆ ನಮ್ಮ ಹಿರಿಯರಿಗೆ ಬಿಸಿನೀರು ಸಿಗುವುದೇ ಎಂದು ಭಾವನವರು ವೆನಿಸ್ಸಿನ ಹೋಟೆಲ್ಲಿಗೆ ವಿನಯದಿಂದ ಇಮೇಲ್ ಬರೆದರು. ಮರುದಿನವೇ ಅಷ್ಟೇ ವಿನಯದ ಉತ್ತರ ಬಂತು: ಖಂಡಿತ, ನಮ್ಮ ಎಲ್ಲ ಕೋಣೆಗಳ ಶವರಿನಲ್ಲೂ ದಿನದ ಇಪ್ಪತ್ತನಾಲ್ಕು ಗಂಟೆ ಬರುತ್ತದೆ.